ತಟಸ್ಥನು ನೀರಿಗಿಳಿಯುವುದೇಕೆ?

ತಟಸ್ಥನೆಂದರೆ ತಟದಲ್ಲಿ ನಿಂತವನು. ಹೊಳೆಯೊಳಗೆ ಇಬ್ಬರು ಹೋರಾಡುತ್ತಿರುವಾಗ ದಡದ ಮೇಲೆ ನಿಂತು ನೋಡುವವನಿಗೆ ಈ ಹೆಸರು ಸಲ್ಲುತ್ತದೆ. ರಾಜ್ಯಗಳ ವಿಷಯದಲ್ಲಿಯೂ ಇದೇ ಮಾತನ್ನು ಬಳಸುವುದು ವಾಡಿಕೆಯಾಗಿದೆಯಷ್ಟೆ. ಆದರೆ ದಡದಲ್ಲಿ ನಿಂತ ರಾಜ್ಯವು ಒಂದು ದಿನ ತಾನೂ ನೀರಿಗೆ ಇಳಿಯುವುದುಂಟು. ಹಾಗೇಕಾಗುತ್ತದೆಂಬುದನ್ನು ಈ ತಿಂಗಳು ಒಂದು ನಿಜವಾದ ದೃಷ್ಟಾಂತದಿಂದ ವಿಚಾರಿಸೋಣ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ನಡೆದುಕೊಂಡ ರೀತಿಯೇ ಆ ದೃಷ್ಟಾಂತ.

ನಾವು ಪಾಠಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸುತ್ತಿದ್ದಾಗ ಹುಡುಗರು ಈ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಉತ್ತರವನ್ನು ಬರೆಯುತ್ತಿದ್ದರು: ಜರ್ಮನರು ಲುಸಿಟಾನಿಯಾ ಎಂಬ ಹಡಗನ್ನು ಮುಳುಗಿಸಿದರು, ಆದುದರಿಂದ ಅಮೆರಿಕವು ಯುದ್ಧಕ್ಕಿಳಿಯಿತು ಎಂದು. ಕಾಲಗಣನೆಯನ್ನು ನೋಡಿದರೆ ಈ ಉತ್ತರವು ಸಾಲದು. ಆ ಹಡಗು ಐರ್ಲೆಂಡಿನ ದಕ್ಷಿಣ ತೀರದ ಸಮೀಪದಲ್ಲಿ ಮುಳುಗಿದುದು 1915ನೆಯ ಇಸವಿ ಮೇ 7ರಂದು. ಸತ್ತವರು 1198 ಮಂದಿ; ಅವರಲ್ಲಿ ಅಮೆರಿಕದವರು 128 ಮಂದಿ. ಅಮೆರಿಕವು ಯುದ್ಧವನ್ನು ಸಾರಿದುದು 1917ನೆಯ ಇಸವಿ ಏಪ್ರಿಲ್ 6ರಂದು. ನಡುವೆ ಇಪ್ಪತ್ತಮೂರು ತಿಂಗಳುಗಳು ಕಳೆದಿದ್ದುವು. ಕೋಪವೊಂದೇ ಕಾರಣವಾಗಿದ್ದರೆ ಅದು ಅಷ್ಟು ಕಾಲ ಕಾಯುತ್ತಿರಲಿಲ್ಲ. ಅಷ್ಟೇ ಅಲ್ಲ, 1916ರ ನವೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಎರಡನೆಯ ಬಾರಿಗೆ ಚುನಾಯಿತರಾದಾಗ, ಇವರು ನಮ್ಮನ್ನು ಯುದ್ಧದಿಂದ ದೂರವಿಟ್ಟವರು ಎಂಬುದೇ ಅವರ ಪಕ್ಷದವರು ಸಾರಿದ ಮಾತಾಗಿದ್ದಿತು.

ಆ ತಟಸ್ಥಭಾವವು ಬರಿಯ ಸೋಗೆಂದು ಹೇಳಲಾಗದು. 1910ರ ಜನಗಣತಿಯಂತೆ ಆ ದೇಶದ ಸುಮಾರು 9 ಕೋಟಿ 20 ಲಕ್ಷ ಜನರಲ್ಲಿ ಮೂರರಲ್ಲೊಂದು ಪಾಲು ತಾವೇ ಪರದೇಶದಲ್ಲಿ ಹುಟ್ಟಿದವರು, ಇಲ್ಲವೆ ಪರದೇಶದಲ್ಲಿ ಹುಟ್ಟಿದ ತಂದೆತಾಯಿಗಳ ಮಕ್ಕಳು. ಅವರಲ್ಲಿ ಆಂಗ್ಲೇಯರ ಕಡೆಯವರೂ ಇದ್ದರು, ಜರ್ಮನರ ಕಡೆಯವರೂ ಇದ್ದರು. ಒಂದೇ ಮನೆಯಲ್ಲಿ ಎರಡು ಕಕ್ಷಿಯ ನೆಂಟರಿರುವಾಗ ಯಜಮಾನನು ಜಗಳಕ್ಕೆ ಹೋಗದಿರುವುದೇ ಲೇಸು. 1914ರ ಆಗಸ್ಟಿನಲ್ಲಿ ವಿಲ್ಸನ್ನರು, ಕ್ರಿಯೆಯಲ್ಲಿ ಮಾತ್ರವಲ್ಲದೆ ಮನಸ್ಸಿನಲ್ಲಿಯೂ ಪಕ್ಷಪಾತವಿಲ್ಲದಿರಬೇಕೆಂದು ತಮ್ಮ ಪ್ರಜೆಗಳನ್ನು ಕೇಳಿಕೊಂಡುದು ಈ ಕಾರಣದಿಂದಲೇ.

ಇಲ್ಲಿ ನಮ್ಮ ಪ್ರಾಚೀನರ ಒಂದು ವಿವೇಚನೆಯು ನೆರವಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಉದಾಸೀನ’ನೆಂಬ ಅರಸನ ಲಕ್ಷಣವು ಹೇಳಲ್ಪಟ್ಟಿದೆ. ಈಗಿನ ಬಳಕೆಯಲ್ಲಿ ಉದಾಸೀನವೆಂದರೆ ಅಲಕ್ಷ್ಯ. ಶಾಸ್ತ್ರದ ಅರ್ಥವು ಬೇರೆ. ಹೋರಾಡುವವರ ಮಂಡಲದಿಂದ ಹೊರಗಿದ್ದು, ಅವರಿಗಿಂತಲೂ ಬಲಿಷ್ಠನಾಗಿ, ಯಾರಿಗೆ ಬೇಕಾದರೂ ನೆರವಾಗಲು, ಯಾರನ್ನು ಬೇಕಾದರೂ ಅಡಗಿಸಲು ಸಮರ್ಥನಾದವನೇ ಉದಾಸೀನನು. ಅಂತಹವನು ಸುಮ್ಮನೆ ಕುಳಿತರೂ ಅವನ ಕಣಜವೂ ಬೊಕ್ಕಸವೂ ಸುಮ್ಮನಿರುವುದಿಲ್ಲ. 1914ರ ಅಮೆರಿಕವು ಇಂತಹ ಉದಾಸೀನನಾಗಿದ್ದಿತು.

ತಟಸ್ಥ ರಾಜ್ಯದ ವರ್ತಕರು ಇಬ್ಬರಿಗೂ ಸರಕನ್ನು ಮಾರಬಹುದೆಂದು ಅಂತರರಾಷ್ಟ್ರೀಯ ಧರ್ಮವು ಒಪ್ಪಿದ್ದಿತು. ಆದರೆ ಆಂಗ್ಲೇಯರ ನೌಕಾಬಲವು ಜರ್ಮನಿಯ ಸಮುದ್ರದ್ವಾರವನ್ನು ಮುಚ್ಚಿಬಿಟ್ಟುದರಿಂದ ಅಂಗಡಿಗೆ ಬರಲು ಒಬ್ಬನಿಗೆ ಮಾತ್ರ ದಾರಿ ಉಳಿಯಿತು. ಇಂಗ್ಲೆಂಡು, ಫ್ರಾನ್ಸು ಮೊದಲಾದ ಮಿತ್ರಪಕ್ಷದೊಡನೆ ಅಮೆರಿಕದ ವ್ಯಾಪಾರವು 1914ರಲ್ಲಿ ಸುಮಾರು 82 ಕೋಟಿ ಡಾಲರುಗಳಷ್ಟಿದ್ದುದು 1916ರಲ್ಲಿ ಸುಮಾರು 320 ಕೋಟಿಗೆ ಏರಿತು. ಜರ್ಮನಿಯ ಪಕ್ಷದೊಡನೆ ಇದ್ದ ವ್ಯಾಪಾರವು ಅದೇ ಅವಧಿಯಲ್ಲಿ ಸುಮಾರು 17 ಕೋಟಿಯಿಂದ 10 ಲಕ್ಷದ ಆಸುಪಾಸಿಗೆ ಇಳಿಯಿತು. ಕೊಳ್ಳುವವನ ಕೈಯಲ್ಲಿ ನಗದು ಮುಗಿದಾಗ ಸಾಲದ ಮಾತು ಬಂದಿತು. ವಿದೇಶಾಂಗ ಸಚಿವರಾಗಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ನರು ಮೊದಲಲ್ಲಿಯೇ, ಹಣವು ಉಳಿದೆಲ್ಲ ಯುದ್ಧಸಾಮಗ್ರಿಯನ್ನೂ ತನ್ನ ಹಿಂದೆ ಎಳೆದುಕೊಂಡು ಹೋಗುವ ವಸ್ತುವೆಂದು ಹೇಳಿ, ಸಾಲವನ್ನು ತಡೆದಿದ್ದರು. ಆ ತಡೆಯು ನಿಲ್ಲಲಿಲ್ಲ. 1915ರ ಅಕ್ಟೋಬರಿನಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸುಗಳಿಗೆ 50 ಕೋಟಿ ಡಾಲರುಗಳ ಸಾಲವು ಎತ್ತಲ್ಪಟ್ಟಿತು. 1917ರ ಏಪ್ರಿಲಿನ ಹೊತ್ತಿಗೆ ಮಿತ್ರಪಕ್ಷಕ್ಕೆ ಕೊಟ್ಟುದು ಸುಮಾರು 230 ಕೋಟಿ. ಜರ್ಮನಿಗೆ ಕೊಟ್ಟುದು ಸುಮಾರು 2 ಕೋಟಿ 70 ಲಕ್ಷ.

ಗೃಹಸ್ಥರಾದ ನಮ್ಮ ವಾಚಕರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೀದಿಯಲ್ಲಿ ಎರಡು ಮನೆಗಳಿಗೆ ವ್ಯಾಜ್ಯವಿದ್ದು, ಅಂಗಡಿಯವನು ಒಂದು ಮನೆಗೆ ಮಾತ್ರ ಮೂರು ವರ್ಷ ಉದ್ದರಿ ಕೊಟ್ಟಿದ್ದರೆ, ಆ ಮನೆಯವರು ಸೋಲುವುದನ್ನು ಅವನು ನಿಶ್ಚಿಂತನಾಗಿ ನೋಡಲಾರನು. ಹಾಗೆಂದು ಸಾಹುಕಾರರು ತಮ್ಮ ಸಾಲವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ದೇಶವನ್ನು ಯುದ್ಧಕ್ಕೆ ತಳ್ಳಿದರೆಂದು ಕೆಲವರು ಹೇಳುವುದನ್ನು ನಾವು ಒಪ್ಪುವುದಿಲ್ಲ. ವ್ಯಾಪಾರವು ಮಾಡಿದ ಕೆಲಸವು ಬೇರೊಂದು, ಅದಕ್ಕಿಂತಲೂ ಸೂಕ್ಷ್ಮವಾದುದು. ಅದು ಜರ್ಮನಿಯ ಕಣ್ಣಿನಲ್ಲಿ ಅಮೆರಿಕದ ಮೈತ್ರಿಯ ಬೆಲೆಯನ್ನು ಕಳೆಯಿತು.

ಲುಸಿಟಾನಿಯಾ ಮುಳುಗಿದ ಮೇಲೆ ಅಮೆರಿಕವು ಗದರಿಸಿತು. 1916ರ ಮಾರ್ಚಿಯಲ್ಲಿ ಸಸೆಕ್ಸ್ ಎಂಬ ಹಡಗಿಗೆ ಪೆಟ್ಟು ಬಿದ್ದಾಗ ಮತ್ತೆ ಗದರಿಸಿತು. ಆಗ ಜರ್ಮನಿಯು ಹೆದರಿ, ಮುನ್ನೆಚ್ಚರಿಕೆಯಿಲ್ಲದೆ ವರ್ತಕರ ಹಡಗುಗಳನ್ನು ಮುಳುಗಿಸುವುದಿಲ್ಲವೆಂದು ಮಾತು ಕೊಟ್ಟಿತು. ಆದರೆ 1917ರ ಜನವರಿ 9ರಂದು ಪ್ಲೆಸ್ ಎಂಬಲ್ಲಿ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನ ಸಮ್ಮುಖದಲ್ಲಿ ಸೇರಿದ ಆಲೋಚನಾಸಭೆಯಲ್ಲಿ ಬೇರೊಂದು ಲೆಕ್ಕವು ಗೆದ್ದಿತು. ತಿಂಗಳಿಗೆ 6 ಲಕ್ಷ ಟನ್ನುಗಳಷ್ಟು ಹಡಗುಗಳನ್ನು ಮುಳುಗಿಸಿದರೆ ಇಂಗ್ಲೆಂಡು ಐದು ತಿಂಗಳಲ್ಲಿ ಶರಣಾಗುವುದೆಂದು ನೌಕಾಧಿಪತಿಗಳು ಗುಣಿಸಿದ್ದರು. ಅಮೆರಿಕವು ಯುದ್ಧಕ್ಕೆ ಬಂದರೆ? ಅದರ ಸರಕೂ ಹಣವೂ ಈಗಾಗಲೇ ಶತ್ರುವಿಗೆ ಹೋಗುತ್ತಿವೆ. ಅದರ ಸೈನ್ಯವು ಬರುವ ಮೊದಲೇ ಕೆಲಸವು ಮುಗಿದಿರುತ್ತದೆ ಎಂದು ಅವರ ಉತ್ತರ. ಎಂದರೆ ಅಮೆರಿಕದ ತಟಸ್ಥತೆಗೂ ಅದರ ಹಗೆತನಕ್ಕೂ ಹೆಚ್ಚಿನ ಭೇದವಿಲ್ಲವೆಂದು ಜರ್ಮನಿಗೆ ತೋರಿತು. ತಟಸ್ಥನು ಯುದ್ಧಕ್ಕೆ ಸೇರುವುದಕ್ಕೆ ನಿಜವಾದ ಕಾರಣವು ಇಲ್ಲಿದೆಯೆಂದು ನಾವು ತಿಳಿಯುತ್ತೇವೆ. ಅವನನ್ನು ದಡದಲ್ಲಿ ಉಳಿಸಿಕೊಳ್ಳುವುದರಿಂದ ತನಗೇನೂ ಲಾಭವಿಲ್ಲವೆಂದು ಹೋರಾಡುವವನಿಗೆ ಅನಿಸಿದ ದಿನ ದಡವು ಕುಸಿಯುತ್ತದೆ.

ಮುಂದಿನದು ವೇಗವಾಗಿ ನಡೆಯಿತು. ಫೆಬ್ರವರಿ 1ರಿಂದ ಜರ್ಮನರ ಜಲಾಂತರ್ಗಾಮಿಗಳು ತಟಸ್ಥರ ಹಡಗುಗಳನ್ನೂ ಬಿಡದೆ ಹೊಡೆಯತೊಡಗಿದುವು. ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ಪ್ರಾಂತಗಳನ್ನು ಮರಳಿ ಪಡೆಯುವ ಆಸೆಯನ್ನು ಮೆಕ್ಸಿಕೊ ದೇಶಕ್ಕೆ ತೋರಿಸಿ ಜರ್ಮನ್ ಸಚಿವ ಜಿಮ್ಮರ್‌ಮನ್ನನು ಕಳುಹಿಸಿದ ಗುಪ್ತ ತಂತಿಯು ಆಂಗ್ಲೇಯರ ಕೈಗೆ ಸಿಕ್ಕಿ, ಮಾರ್ಚಿ 1ರಂದು ಅಮೆರಿಕದ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದೇ ತಿಂಗಳ ನಡುವಿನಲ್ಲಿ ಅಮೆರಿಕದ ಮೂರು ಹಡಗುಗಳು ಮುಳುಗಿದುವು.

ಆದರೂ ಒಂದು ಆಕ್ಷೇಪವುಂಟು. ನಾರ್ವೆಯೆಂಬ ಚಿಕ್ಕ ರಾಜ್ಯವು ಆ ಯುದ್ಧದಲ್ಲಿ ತನ್ನ ವರ್ತಕನೌಕೆಗಳಲ್ಲಿ ಸುಮಾರು ಅರ್ಧವನ್ನೂ ಸುಮಾರು 2000 ನಾವಿಕರನ್ನೂ ಕಳೆದುಕೊಂಡಿತು. ಅಷ್ಟಾದರೂ ಅದು ಯುದ್ಧವನ್ನು ಸಾರಲಿಲ್ಲ. ದುರ್ಬಲನು ನಷ್ಟವನ್ನು ನುಂಗಿಕೊಳ್ಳುತ್ತಾನೆ. ಬಲಿಷ್ಠನಿಗೆ ಅದು ಮಾನಹಾನಿಯಾಗಿ ಕಾಣುತ್ತದೆ. ಮೇಲಾಗಿ ಬಲಿಷ್ಠನಿಗೆ ಮುಂದಿನ ಸಂಧಾನದ ಮೇಲೆಯೂ ಕಣ್ಣಿರುತ್ತದೆ. ಶಾಂತಿಗಾಗಿ ಬೇಡಲು ಬಂದ ಜೇನ್ ಆಡಮ್ಸ್ ಮೊದಲಾದವರೊಡನೆ ವಿಲ್ಸನ್ನರು, ಯುದ್ಧದಲ್ಲಿ ಸೇರಿದ ದೇಶಕ್ಕೆ ಸಂಧಾನದ ಪಂಕ್ತಿಯಲ್ಲಿ ಎಲೆಯಿರುವುದೆಂದೂ, ಹೊರಗುಳಿದರೆ ಬಾಗಿಲ ಸಂದಿನಿಂದ ಕೂಗಬೇಕಾದೀತೆಂದೂ ಅರ್ಥ ಬರುವಂತೆ ಹೇಳಿದರೆಂದು ಆ ಮಹಿಳೆಯೇ ಬರೆದಿರುವಳು.

ಏಪ್ರಿಲ್ 2ರ ರಾತ್ರಿ ವಿಲ್ಸನ್ನರು ಮಹಾಸಭೆಯ ಮುಂದೆ ಯುದ್ಧವನ್ನು ಕೋರಿದರು. ಸೆನೆಟ್ಟಿನಲ್ಲಿ 82 ಮತಗಳು ಪರವಾಗಿಯೂ 6 ವಿರೋಧವಾಗಿಯೂ ಬಿದ್ದುವು. ಪ್ರತಿನಿಧಿಸಭೆಯಲ್ಲಿ 373 ಮತ್ತು 50. ಆ ಐವತ್ತರಲ್ಲಿ ಒಂದು ಮತವು ಜೆನೆಟ್ ರ‍್ಯಾಂಕಿನ್ ಎಂಬ ಮಹಿಳೆಯದು. ಅಮೆರಿಕದ ಮಹಾಸಭೆಗೆ ಚುನಾಯಿತಳಾದ ಮೊದಲನೆಯ ಸ್ತ್ರೀ ಆಕೆಯೇ.

ಜರ್ಮನರ ಲೆಕ್ಕವು ತಪ್ಪಿತು. ಇಂಗ್ಲೆಂಡು ಐದು ತಿಂಗಳಲ್ಲಿ ಶರಣಾಗಲಿಲ್ಲ. 1918ರ ನವೆಂಬರಿನ ಹೊತ್ತಿಗೆ ಸುಮಾರು 20 ಲಕ್ಷ ಅಮೆರಿಕನ್ ಸೈನಿಕರು ಫ್ರಾನ್ಸಿನಲ್ಲಿದ್ದರು. ಗೆದ್ದವರ ಲೆಕ್ಕವೂ ಹಗುರವಾಗಿರಲಿಲ್ಲ. ಸುಮಾರು 1,16,000 ಅಮೆರಿಕನರು ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಂಡಿನಿಂದಲ್ಲ, ಮುಖ್ಯವಾಗಿ ರೋಗದಿಂದ. ಅನಂತರ 1935ರಿಂದ ಆ ದೇಶವು ಯುದ್ಧನಿರತರಿಗೆ ಆಯುಧವನ್ನು ಮಾರಕೂಡದು, ಸಾಲವನ್ನು ಕೊಡಕೂಡದು ಎಂದು ಶಾಸನಗಳನ್ನು ಮಾಡಿಕೊಂಡುದು ಈ ವ್ಯಥೆಯಿಂದಲೇ. ಆ ಶಾಸನಗಳೂ 1939ರಿಂದ ಒಂದೊಂದಾಗಿ ಸಡಿಲಿದುವು.

ನಮ್ಮ ದೇಶಕ್ಕೆ 1914ರಲ್ಲಿ ತಟದಲ್ಲಿ ನಿಲ್ಲುವ ಆಯ್ಕೆಯೇ ಇರಲಿಲ್ಲ. ಇಂಗ್ಲೆಂಡು ಸಾರಿದ ಯುದ್ಧವು ನಮ್ಮದೂ ಆಯಿತು. ಮೈಸೂರಿನ ಅಶ್ವದಳದವರು 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ನಗರದಲ್ಲಿ ಹೋರಾಡಿದರು. ಈ ಯುದ್ಧವು ಬೇಕೇ ಎಂದು ಅವರ ಮನೆಯವರನ್ನು ಯಾರೂ ಕೇಳಿರಲಿಲ್ಲ. 1947ರಿಂದ ಆ ಆಯ್ಕೆಯು ನಮ್ಮದಾಗಿದೆ. ಆದುದರಿಂದ ಪತ್ರಿಕೆಯಲ್ಲಿ ಪರರಾಜ್ಯಗಳ ಕಲಹದ ಸುದ್ದಿಯನ್ನು ಓದುವಾಗ, ನಮ್ಮ ಮುಖಂಡರು ಆಡುವ ಮಾತನ್ನು ಮಾತ್ರ ನೋಡದೆ, ನಮ್ಮ ಸರಕು ಯಾವ ಬಂದರಿಗೆ ಹೋಗುತ್ತಿದೆ, ನಮ್ಮ ಹಣವು ಯಾರ ಕೈಯಲ್ಲಿದೆ ಎಂಬುದನ್ನೂ ನಮ್ಮ ವಾಚಕರು ವಿಚಾರಿಸುವುದು ಒಳ್ಳೆಯದು. ಯುದ್ಧಕ್ಕೆ ಮಕ್ಕಳನ್ನು ಕಳುಹಿಸಬೇಕಾಗಿ ಬರುವುದು ಗೃಹಸ್ಥರ ಮನೆಗಳಿಂದಲೇ. ಆ ವಿಚಾರವನ್ನು ತುತ್ತೂರಿ ಮೊಳಗುವುದಕ್ಕೆ ಮೊದಲೇ ಮಾಡಿಕೊಳ್ಳಬೇಕು.