ಗರಗಸಕ್ಕೊಂದು ಒರೆ

ಖಡ್ಗಕ್ಕೆ ಒರೆ ಬೇಕೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಖಡ್ಗದಷ್ಟೇ ಅಪಾಯಕರವಾದ ಚೈನ್‌ಸಾ ಎಂಬ ಸರಪಳಿ ಗರಗಸವನ್ನು ಮಾತ್ರ ನಾವು ಒರೆಯಿಲ್ಲದೆಯೇ ಒಯ್ಯುತ್ತಿದ್ದೇವೆ. ಮಲೆನಾಡಿನ ತೋಟದ ದಾರಿಗಳಲ್ಲಿ ಮಿನಿ ಟ್ರ್ಯಾಕ್ಟರಿನ ಚಾಲಕನು ಒಂದು ಕೈಯಲ್ಲಿ ಸ್ಟೀರಿಂಗನ್ನೂ ಇನ್ನೊಂದರಲ್ಲಿ ಗರಗಸವನ್ನೂ ಹಿಡಿದು ಏರು ಹತ್ತುವುದುಂಟು. ನನ್ನ ತಂದೆಯವರೂ ಹೀಗೆಯೇ ಹೋಗುವವರು.

ಇದಕ್ಕೆ ಪರಿಹಾರ ನಮ್ಮ ಅಂಗಳದಲ್ಲಿಯೇ ಇದೆ. ಎರಡು ಹಲಗೆಗಳ ಅಂಚಿಗೆ ಪಟ್ಟಿ ಕೊಟ್ಟು, ಅಲಗು ಸಲೀಸಾಗಿ ಇಳಿಯುವಷ್ಟು ಸಂದು ಬಿಟ್ಟು ಜೋಡಿಸಿದರೆ ಒರೆಯಾಯಿತು. ತಳ ತೆರೆದಿರಲಿ, ಹೊಟ್ಟೂ ಎಣ್ಣೆಯೂ ಅಲ್ಲಿ ನಿಲ್ಲಬಾರದು. ಕುಲುಕಾಟಕ್ಕೆ ಗರಗಸ ಹಾರದಂತೆ ರಬ್ಬರಿನ ಪಟ್ಟಿಯೊಂದು ಬಿಗಿದಿರಲಿ. ಒರೆಯು ಹೊಗೆ ಕೊಳವೆಯಿಂದ ದೂರವಿರಬೇಕು. ಗರಗಸವನ್ನು ಇಳಿಸುವ ಮುನ್ನ ಅದರ ಎಂಜಿನ್ ನಿಂತು, ಸರಪಳಿಗೆ ಬ್ರೇಕು ಬಿದ್ದಿರಬೇಕು.

ಆದರೆ ಒಂದು ಎಚ್ಚರಿಕೆ. ಚಾಲಕನ ಹಿಂದೆ ಕಮಾನಿನಂತೆ ಉಕ್ಕಿನ ಚೌಕಟ್ಟು ಇದ್ದಲ್ಲಿ, ಒರೆಯನ್ನು ಅದರ ಹೊರಮಗ್ಗುಲಿಗೆ ಕ್ಲಾಂಪಿನಿಂದ ಬಿಗಿಯಬೇಕೇ ಹೊರತು ಚೌಕಟ್ಟಿಗೆ ರಂಧ್ರ ಕೊರೆಯಲೂ ಕೂಡದು, ಬೆಸುಗೆ ಹಾಕಲೂ ಕೂಡದು. ಟ್ರ್ಯಾಕ್ಟರು ಮಗುಚಿದಾಗ ಜೀವ ಉಳಿಸುವುದು ಆ ಚೌಕಟ್ಟೇ. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಅದನ್ನು ಕಡ್ಡಾಯ ಮಾಡಿತು. ಗರಗಸವನ್ನು ಕಾಯಲು ಹೋಗಿ ಆಳನ್ನು ಕಳೆದುಕೊಳ್ಳುವುದು ಯಾವ ಜಾಣತನ?

ಹಲಗೆ ಕೊಯ್ಯುವುದು ಓದಿದವರ ಕೆಲಸವಲ್ಲವೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಎಲ್ಲಿ ಕೊರೆಯಬೇಕು, ಎಲ್ಲಿ ಕೊರೆಯಬಾರದು ಎಂಬ ವಿವೇಕವೂ ವಿದ್ಯೆಯೇ ಅಲ್ಲವೆ? ರಜೆಗೆ ಊರಿಗೆ ತೆರಳುವ ಮಿತ್ರರು ಪುಸ್ತಕಗಳನ್ನು ಒಂದೆರಡು ದಿನ ಬದಿಗಿಟ್ಟು ಇಂಥದೊಂದು ಒರೆಯನ್ನು ಮಾಡಿಕೊಡಲಿ. ಮನೆಯವರಿಗೆ ನಮ್ಮ ಓದಿನ ಮೇಲೆ ನಂಬಿಕೆ ಹುಟ್ಟುವುದು ಇಂಥ ಕೆಲಸದಿಂದಲೇ.