ಆಟದ ಚಿತ್ರಕಥೆಗಳೂ ರಸದೋಷಗಳೂ

ಜಪಾನೀಯರ ಚಿತ್ರಕಥೆಗಳಿಗೆ ಅವರ ಭಾಷೆಯಲ್ಲಿ ಮಾಂಗಾ ಎಂದು ಹೆಸರು. ಅವುಗಳಲ್ಲಿ ಆಟಗಳನ್ನೇ ವಸ್ತುವಾಗಿ ಉಳ್ಳ ಒಂದು ಪ್ರತ್ಯೇಕ ಪಂಗಡವಿದೆ. ಇಂಗ್ಲಿಷ್ ಭಾಷಾಂತರದ ರೂಪದಲ್ಲಿ ಇವು ನಮ್ಮ ಗದಗ-ಬೆಟಗೇರಿಯ ಮನೆಗಳಿಗೂ ಬಂದು ಸೇರಿವೆ. "ಹುಡುಗನು ಊಟಕ್ಕೆ ಕರೆದರೆ ಏಳುವುದಿಲ್ಲ, ಪುಸ್ತಕವನ್ನು ಹಿಂದುಮುಂದಾಗಿ ಹಿಡಿದು ಕೂಡ್ರುತ್ತಾನೆ, ಇದನ್ನು ಬಿಡಿಸುವ ಬಗೆ ಹೇಗೆ?" ಎಂದು ಗೃಹಸ್ಥರೊಬ್ಬರು ನಮ್ಮನ್ನು ಕೇಳಿದರು. ಹಿಂದುಮುಂದಾಗಿ ಹಿಡಿಯುವುದಕ್ಕೆ ಕಾರಣವುಂಟು. ಉರ್ದು ಪುಸ್ತಕದಂತೆ ಇದನ್ನೂ ಬಲದಿಂದ ಎಡಕ್ಕೆ ಓದತಕ್ಕದ್ದು. ಬಿಡಿಸಬೇಕೋ ಬೇಡವೋ ಎಂಬುದಕ್ಕೆ ಮಾತ್ರ, ಓದದೆ ಉತ್ತರ ಹೇಳುವುದು ನ್ಯಾಯವಲ್ಲವಾದುದರಿಂದ, ನಾವು ಓದಿ ನೋಡಿದೆವು.

ನಮ್ಮ ಕೈಗೆ ಬಂದುದು ತಾಕೆಹಿಕೊ ಇನೊಉಎ ಎಂಬವರ 'ಸ್ಲಾಮ್ ಡಂಕ್'. ಇದು 1990ರಿಂದ 1996ರ ವರೆಗೆ ಒಂದು ವಾರಪತ್ರಿಕೆಯಲ್ಲಿ ಪ್ರಕಟವಾಗಿ, 31 ಸಂಪುಟಗಳಾಯಿತು. ಸಾಕುರಾಗಿ ಎಂಬ ಕೆಂಗೂದಲಿನ ಪುಂಡ ಹುಡುಗನು ಒಬ್ಬ ಸಹಪಾಠಿನಿಯ ಮೆಚ್ಚಿಗೆಗಾಗಿ ಬಾಸ್ಕೆಟ್‌ಬಾಲ್ ತಂಡವನ್ನು ಸೇರುತ್ತಾನೆ. ಆಟವೆಂದರೆ ಅವನಿಗೆ ಏನೂ ಗೊತ್ತಿಲ್ಲ. ಬಡಾಯಿಗೆ ಮಾತ್ರ ಕೊರತೆಯಿಲ್ಲ. ಇಂಥವನಿಗೆ ಗುರುವು ಬುಟ್ಟಿಗೆ ಚೆಂಡೆಸೆಯುವ ಒಂದೇ ವರಸೆಯನ್ನು 20,000 ಸಲ ಮಾಡಿಸುತ್ತಾನೆ. ಅಮರವನ್ನೂ ಶಬ್ದವನ್ನೂ ಬಾಯಿಪಾಠ ಮಾಡಿ ಬೆಳೆದ ನಮಗೆ ಇದು ಬಹಳ ಹಿಡಿಸಿತು. ಇಂದಿನ ಶಾಲೆಗಳಲ್ಲಿ ಆವೃತ್ತಿಯೆಂದರೆ ಮೂಗು ಮುರಿಯುತ್ತಾರೆ. ಅದೇ ಮಕ್ಕಳು ಈ ಪುಟಗಳನ್ನು ರೆಪ್ಪೆ ಬಡಿಯದೆ ಓದುತ್ತಾರೆ.

ಕಡೆಯ ಪಂದ್ಯವು ಸಾನ್ನೋ ಎಂಬ ಪ್ರಬಲ ಶಾಲೆಯೊಡನೆ. ಆಟದ ಅವಧಿ 40 ನಿಮಿಷ. ಅದರ ಕಥೆ ಆರೇಳು ಸಂಪುಟ! ಒಬ್ಬನು ಚೆಂಡು ಹಿಡಿದು ನೆಗೆದರೆ, ಅವನು ನೆಲ ಮುಟ್ಟುವುದರೊಳಗೆ ಅವನ ಬಾಲ್ಯ, ಎದುರಾಳಿಯ ದಿಗಿಲು, ನೋಡುವವರ ವಾದವಿವಾದ ಎಲ್ಲವೂ ಮುಗಿದಿರುತ್ತವೆ. ಮೊದಮೊದಲು ನಮಗೆ ನಗು ಬಂದಿತು. ಆದರೆ ವೀರನಾರಾಯಣನ ಗುಡಿಯ ಊರಿನವರು ಹೀಗೆ ನಗುವುದು ಸಲ್ಲದೆಂದು ಒಡನೆಯೇ ತೋರಿತು. ಕುಮಾರವ್ಯಾಸನ ಭಾರತದಲ್ಲಿ ಭೀಮ ಜರಾಸಂಧರು ಹೆಣಗುವುದನ್ನು ಗಮಕಿಗಳು ಓದುವಾಗ ನಾವು ಗಡಿಯಾರ ನೋಡಿದವರೇ? ಮೂಲ ವ್ಯಾಸಭಾರತದಲ್ಲಂತೂ ಆ ಕಾಳಗವು ಕಾರ್ತಿಕದ ಪಾಡ್ಯದಿಂದ ತ್ರಯೋದಶಿಯ ವರೆಗೆ ಹಗಲಿರುಳು ನಡೆಯುತ್ತದೆ. ಗೆಲ್ಲುವವನು ಯಾರೆಂದು ಕೂಸಿಗೂ ಗೊತ್ತು. ಆದರೂ ಕೃಷ್ಣನು ಕಡ್ಡಿಯನ್ನು ಸೀಳಿ ತೋರಿಸಿದನೆಂದು ಹೇಳುವಲ್ಲಿ ಸಭೆಗೆ ಸಭೆಯೇ ಮುಂದೆ ಬಾಗುತ್ತದೆ. ಜಾತ್ರೆಯ ಜಂಗೀ ಕುಸ್ತಿಯಲ್ಲಿ ಕಣದ ಅಂಚಿನಿಂದ ವಸ್ತಾದನು ಕೂಗಿ ಹೇಳುವುದೂ ಅಂಥದೇ ಅಲ್ಲವೆ?

ಇಷ್ಟಾದರೂ ಈ ಪುಸ್ತಕಗಳು ಓದುಗನನ್ನು ಪೀಡಿಸುತ್ತವೆ ಎಂಬುದೂ ನಿಜ. ಪೀಡೆಯು ಯಾವ ಬಗೆಯದೆಂಬುದನ್ನು ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಎಂದೋ ಎಣಿಸಿ ಇಟ್ಟಿದ್ದಾನೆ. ಉರಿದ ರಸವನ್ನೇ ಮತ್ತೆ ಮತ್ತೆ ಕೆದಕುವುದು, ಹೊತ್ತಲ್ಲದ ಹೊತ್ತಿನಲ್ಲಿ ಹಿಗ್ಗಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಕಡಿಯುವುದು, ಅಂಗವಾಗಿ ಬಂದುದನ್ನು ಅತಿಯಾಗಿ ಬೆಳೆಸುವುದು. ಜಾರ್ಜ್ ಮೊರಿಕಾವಾ ಎಂಬವರ 'ಹಾಜಿಮೆ ನೊ ಇಪ್ಪೊ' ಎಂಬ ಮುಷ್ಟಿಯುದ್ಧದ ಕಥೆ 1989ರಲ್ಲಿ ಮೊದಲಾದುದು ಇನ್ನೂ ಮುಗಿದಿಲ್ಲ. ಸಂಪುಟಗಳು 140ನ್ನು ದಾಟಿವೆ. ನಾಯಕನು ಮಿಯಾತಾ ಎಂಬ ಗೆಳೆಯನೊಡನೆ ಕಣದಲ್ಲಿ ಕಾದುವನೆಂದು ಕಥೆಯ ಮೊದಲಲ್ಲಿ ಆಸೆ ಹಚ್ಚಿದ್ದಾರೆ. ಅಂದು ಓದತೊಡಗಿದ ಬಾಲಕರು ಇಂದು ಮಕ್ಕಳ ತಂದೆಗಳಾದರೂ ಆ ಕಾಳಗ ನಡೆದಿಲ್ಲ. ಇದು ವಾರಪತ್ರಿಕೆಯ ಹೊಟ್ಟೆಪಾಡು, ಇದಕ್ಕೆ ಕ್ಷಮೆಯಿಲ್ಲ.

'ಸ್ಲಾಮ್ ಡಂಕ್' ಮೇಲೆ ಹುಡುಗರ ದೂರು ಇದಕ್ಕೆ ತೀರ ವಿರುದ್ಧ. ಸಾನ್ನೋ ತಂಡವನ್ನು 79ಕ್ಕೆ 78ರಿಂದ ಗೆದ್ದವರು ಮುಂದಿನ ಪಂದ್ಯದಲ್ಲಿ ಹೀನಾಯವಾಗಿ ಸೋತರೆಂದು ಒಂದೇ ಮಾತಿನಲ್ಲಿ ಹೇಳಿ ಕಥೆ ನಿಲ್ಲುತ್ತದೆ. ಭವಭೂತಿಯ ಮಹಾವೀರಚರಿತದಲ್ಲಿ ರಾಮ ಭಾರ್ಗವರ ಕಲಹವು ಏರಿ ನಿಂತಾಗ ರಾಮನು ಕಂಕಣ ಬಿಚ್ಚಲು ಹೊರಟುಹೋಗುವುದನ್ನು ಆಲಂಕಾರಿಕರು ಅಕಾಂಡಚ್ಛೇದವೆನ್ನುತ್ತಾರೆ. ಇದೂ ಹಾಗೆಯೇ ಎಂದು ಹುಡುಗರ ವಾದ. ನಾವು ಒಪ್ಪಲಾರೆವು. ಇದ್ದ ಶಕ್ತಿಯನ್ನೆಲ್ಲ ಒಂದು ಆಟದಲ್ಲಿ ಸುರಿದವರು ಮರುದಿನ ಸೋಲುವುದು ಲೋಕಧರ್ಮ. ಮೇಲಾಗಿ ಗೆಲುವಿನ ಕೊನೆಯ ಕ್ಷಣಗಳನ್ನು ಇನೊಉಎ ಅವರು ಮಾತೇ ಇಲ್ಲದೆ ಬರೆದಿದ್ದಾರೆ. ಅಷ್ಟು ಸಂಪುಟಗಳ ಗದ್ದಲದ ನಂತರ ಬರುವ ಆ ನಿಶ್ಶಬ್ದಕ್ಕಾಗಿಯಾದರೂ ಹಿರಿಯರು ಇದನ್ನೊಮ್ಮೆ ಓದಬಹುದು.

ಜಪಾನಿನ ಒಂದು ಹಳೆಯ ಬೇಸ್‌ಬಾಲ್ ಕಥೆಯನ್ನು 2012ರಲ್ಲಿ ಮುಂಬಯಿಯ ಕ್ರಿಕೆಟ್ಟಿಗೆ ಹೊಂದಿಸಿ 'ಸೂರಜ್' ಎಂಬ ಹೆಸರಿನಿಂದ ಹಿಂದಿಯಲ್ಲಿ ದೂರದರ್ಶನದ ಚಿತ್ರಮಾಲೆಯಾಗಿ ತೋರಿಸಿದರು. ಮುಂಬಯಿಯವರೆಗೆ ಹೋಗುವುದೇಕೆ? ನಮ್ಮ ಗದಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ಬೆಳಗಾಗುತ್ತಲೇ ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1999ರ ಸಪ್ಟಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಅವರು ಎಸೆದ 10 ಓವರುಗಳಲ್ಲಿ 6 ಓವರುಗಳಿಗೆ ಒಂದು ಓಟವೂ ಇಲ್ಲ. ಒಟ್ಟು 6 ಓಟಗಳಿಗೆ 5 ಹುದ್ದರಿಗಳು. ಲೆಕ್ಕದ ಪುಸ್ತಕದಲ್ಲಿ ಇದು ಒಂದೇ ಸಾಲು. ಇನೊಉಎ ಅವರ ಕೈಗೆ ಸಿಕ್ಕಿದ್ದರೆ ಆ ನಸುಕಿನ ಪಯಣಗಳಿಗೇ ಹತ್ತು ಸಂಪುಟ ಆಗುತ್ತಿದ್ದವು. ನಾವು ಒಂದು ಪುಟವನ್ನೂ ಕಡಿಮೆ ಮಾಡೆನ್ನುತ್ತಿರಲಿಲ್ಲ.

ನಮ್ಮ ಮನಸ್ಸಿಗೆ ನೋವಾಗುವುದು ಮಕ್ಕಳು ಇವನ್ನು ಓದುವುದಕ್ಕಲ್ಲ, ಒಬ್ಬರೇ ಮೂಲೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಓದುವುದಕ್ಕೆ. ತಿರುಳ್ಗನ್ನಡದ ಸೀಮೆಯೆಂದು ಕವಿರಾಜಮಾರ್ಗವು ಎಣಿಸಿದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ನಮಗೆ ಕೂಗಳತೆಯಲ್ಲಿದೆ. ಮುದುಕರಿಗೂ ತಿಳಿಯುವಂತೆ ಇವನ್ನು ಹೇಳುವ ಮಾತು ಇಲ್ಲಿ ಹುಟ್ಟಬಾರದೇ? ಬೆಟಗೇರಿಯ ಒಂದು ಮನೆಯಲ್ಲಿ ಹುಟ್ಟಿರುವುದನ್ನು ಕಂಡೆವು. ಮೊಮ್ಮಗನು ಚಿತ್ರದ ಮೇಲೆ ಬೆರಳಿಟ್ಟು ಓದುತ್ತ ಅರ್ಥ ಹೇಳುತ್ತಿದ್ದನು. ಗಮಕಿಯೂ ಅವನೇ, ವ್ಯಾಖ್ಯಾನಕಾರನೂ ಅವನೇ. ಸಾಕುರಾಗಿಯು ಕಡೆಯ ಪಂದ್ಯದಲ್ಲಿ ಬಿದ್ದು ಬೆನ್ನಿಗೆ ಪೆಟ್ಟು ತಿಂದಿದ್ದಾನೆ. ಗೆದ್ದರೆಂದು ಹುಡುಗನು ಹೇಳಿದಾಗ ಮುದುಕಿಗೆ ಅದು ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಆ ಕೆಂಪು ತಲಿ ಹುಡುಗನ ಬೆನ್ನು ಹ್ಯಾಂಗ ಆತು?"

"ಸಮುದ್ರದ ದಂಡಿ ಮ್ಯಾಲೆ ಕುಂತಾನ, ಆಯಿ. ಔಷಧ ಉಪಚಾರ ನಡದೈತಿ. ಕಥಿ ಅಲ್ಲಿಗೇ ಮುಗೀತು."

"ಬೆನ್ನು ನೆಟ್ಟಗ ಆಗೂದ್ರೊಳಗ ಹ್ಯಾಂಗ ಮುಗೀತೈತೊ? ಇನ್ನೊಂದು ಪುಸ್ತಕ ಇರಬೇಕು, ಹುಡುಕು."