ಬಸದಿಗೆ ಕಾನೂನಿನ ರಕ್ಷೆ ಇದೆ, ಸುತ್ತಲಿನ ಗಲ್ಲಿಗಳಿಗೆ?

ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಭೋಜ ಗ್ರಾಮದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವ ಶ್ರಾವಕರು ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಸಮೀಪದ ಕೋಟೆಯೊಳಗೆ, ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇದೆ. ಅದೇ ಕೋಟೆಯಲ್ಲಿ ಸಫಾ ಮಸೀದಿ, ದುರ್ಗಾದೇವಿ ಗುಡಿ, ರಾಮಕೃಷ್ಣ ಆಶ್ರಮಗಳೂ ಇವೆ. ಹೊರಗೆ ಖಡೇ ಬಜಾರ್, ಗಣಪತ ಗಲ್ಲಿ, 1892ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ರಿಸಾಲ್ದಾರ ಗಲ್ಲಿ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಇಲ್ಲಿ ವ್ಯಾಪಾರ ನಡೆಯುತ್ತದೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಬೆಳಗಾವಿಯೂ ಆಯ್ಕೆಯಾಯಿತು. ಮುಂದಿನ ವರ್ಷಗಳಲ್ಲಿ ಹಲವು ರಸ್ತೆಗಳು ಬದಲಾದವು, ಬಸ್ ನಿಲ್ದಾಣಕ್ಕೆ ಹೊಸ ಕಟ್ಟಡ ಬಂತು. ಇಂಥ ಕಾಮಗಾರಿಯಿಂದ ಅನುಕೂಲ ನಿಜ. ಜೊತೆಗೆ ಸುತ್ತಲಿನ ಜಾಗದ ಬೆಲೆ, ಬಾಡಿಗೆಯೂ ಏರುವುದುಂಟು.

ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಬಸದಿಯ ಸುತ್ತ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯಿದೆ. ಆದರೆ ಗಲ್ಲಿಯಲ್ಲಿ ತಲೆಮಾರುಗಳಿಂದ ಬಾಡಿಗೆಗಿರುವ ಅಂಗಡಿ, ಮನೆಗಳ ನೆರೆಹೊರೆಯನ್ನು ಒಟ್ಟಾಗಿ ಕಾಯುವ ಕಾನೂನು ಇಲ್ಲ.

ನೆರೆಯವರು ಚದುರಿದರೆ ಬಸದಿ ಉಳಿದೂ ಒಂಟಿಯಾಗುತ್ತದೆ. ನಗರದ ಮಹಾಯೋಜನೆಯ ಕರಡು ಬಂದಾಗ ಆಕ್ಷೇಪ ಸಲ್ಲಿಸಲು ಸಾರ್ವಜನಿಕರಿಗೆ ಅವಕಾಶವಿದೆ. ಆಗ ಸಮಾಜದ ಮುಖಂಡರು ಬಸದಿಯ ದಾರಿಯನ್ನಷ್ಟೇ ಕೇಳದೆ, ನೆರೆಯ ಎಲ್ಲರೊಂದಿಗೆ ಕೂಡಿ ಅರ್ಜಿ ಕೊಡಬೇಕು. ಪರಸ್ಪರೋಪಗ್ರಹೋ ಜೀವಾನಾಮ್ ಎಂಬ ಮಾತಿನ ಆಚರಣೆಯೂ ಇದೇ ಅಲ್ಲವೇ?